ಲಾಳದ ಬಾವುಟ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕಲಿಯಬೇಕಾದದ್ದು ತಲೆ ಎತ್ತಿಕೊಂಡು ನಡೆಯುವುದನ್ನು. ಗರ್ವಕ್ಕಲ್ಲ, ಮನೆ ಸೇರುವುದಕ್ಕೆ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಕವಾಯತು ಮೈದಾನದಿಂದ ಕೆಂಪು ಧೂಳು ಏಳುತ್ತದೆ. ಅಲ್ಲಿ ಸೈನಿಕರ ಪಲ್ಟಣ ಬೀಡುಬಿಟ್ಟದ್ದು ನಮ್ಮ ಮುತ್ತಜ್ಜನ ಕಾಲಕ್ಕೆ. ಈಗ ನಾಲ್ಕು ಎಮ್ಮೆ ಮೇಯುವುದು ಬಿಟ್ಟರೆ ಅಲ್ಲಿ ಏನೂ ಇಲ್ಲ. ಆದರೂ ಧೂಳು ಏಳುತ್ತದೆ, ಒಂದು ತಾಸು ಊರನ್ನೆಲ್ಲ ಮುಚ್ಚಿಕೊಂಡು ಐದಕ್ಕೆ ಇಳಿಯುತ್ತದೆ. ಇಳಿದ ಮೇಲೆ ನೋಡಿದರೆ ಯಾವ ಮನೆಯೂ ಇದ್ದ ಜಾಗದಲ್ಲಿ ಇರುವುದಿಲ್ಲ. ಬೆಳಿಗ್ಗೆ ಸೇದುವ ಬಾವಿಯ ಪಕ್ಕ ಇದ್ದ ಮನೆ ಸಂಜೆ ಹಿಟ್ಟಿನ ಗಿರಣಿಯ ಹಿಂದೆ ಇರುತ್ತದೆ. ಒಳಗಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಒಲೆಯ ಮೇಲಿನ ಹಾಲು ಕೂಡ ಅಲುಗಿರುವುದಿಲ್ಲ. ಹೊರಗಿದ್ದವರು ನಿಂತಲ್ಲೇ ಕಣ್ಣು ಮುಚ್ಚಿಕೊಂಡು ನಿಂತು, ಧೂಳು ಇಳಿದ ಮೇಲೆ ಮೈ ಝಾಡಿಸಿಕೊಂಡು, ತಲೆ ಎತ್ತಿ ತಮ್ಮ ಬಾವುಟ ಹುಡುಕುತ್ತಾರೆ.

ಇದರಿಂದ ತೊಂದರೆ ಅಂತೀರಾ? ಅಭ್ಯಾಸವಾದರೆ ಏನಿಲ್ಲ. ನೆರೆಹೊರೆಯ ಜಗಳ ನಮ್ಮೂರಲ್ಲಿ ಒಂದು ದಿನಕ್ಕಿಂತ ಹೆಚ್ಚು ನಡೆದದ್ದಿಲ್ಲ. ಟಪಾಲಿನವನ ಚೀಲದಲ್ಲಿ ವಿಳಾಸದ ಬದಲು ಬಾವುಟಗಳ ಚಿತ್ರದ ಪುಸ್ತಕ ಇರುತ್ತದೆ. ಲಗ್ನಪತ್ರಿಕೆಯಲ್ಲಿ ದೇವರ ಚಿತ್ರದ ಕೆಳಗೆ ಮದುವೆ ಮನೆಯ ಬಾವುಟ ಅಚ್ಚಾಗಿರುತ್ತದೆ. ಮಕ್ಕಳು ಅ ಆ ಇ ಈ ತಿದ್ದುವ ಮೊದಲು ತಮ್ಮ ಮನೆಯ ಬಾವುಟ ಬರೆಯುವುದನ್ನು ಕಲಿಯುತ್ತಾರೆ. ಯಾರನ್ನಾದರೂ ಹುಡುಕಿಕೊಂಡು ಹೋಗುವವರು ಹೆಸರು ಹೇಳಿ ಕೇಳುವುದಿಲ್ಲ, ಬಾವುಟ ಹೇಳಿ ಕೇಳುತ್ತಾರೆ. ಒಂದು ಮನೆ, ಒಂದು ಬಿದಿರು, ಒಂದು ಬಾವುಟ. ಒಂದರಂತೆ ಇನ್ನೊಂದಿಲ್ಲ. ಅವನ್ನೆಲ್ಲ ಹೊಲಿಯುವ ದರ್ಜಿ ನಾನು, ಫಕೀರಪ್ಪ. ನನ್ನ ಅಂಗಡಿಯ ಮೇಲೆ ಮಾತ್ರ ಏನೂ ಇಲ್ಲದ ಬಿಳಿ ಬಟ್ಟೆ ಹಾರುತ್ತದೆ. ಯಾರಾದರೂ ಬರಬಹುದು ಎಂದು ಅದರ ಅರ್ಥ.

ನನಗೆ ಕಸುಬು ಕಲಿಸಿದವರು ಹವಾಲ್ದಾರ ಮೌಲಾಸಾಬರು. ದೂರದ ಪಲ್ಟಣವೊಂದರಲ್ಲಿ ಇಪ್ಪತ್ತು ವರ್ಷ ಬಾವುಟ ಹೊತ್ತವರು, ಎಡಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದವರು. ಮನುಷ್ಯರು ಆಡಿದ್ದರಲ್ಲಿ ಅರ್ಧ ಸುಳ್ಳಿರುತ್ತದೆ, ಬಾವುಟ ಆಡಿದ್ದು ಮಾತ್ರ ಪೂರಾ ಖರೆ ಎಂಬುದು ಅವರ ನಂಬಿಕೆ. ಅರ್ಧಕ್ಕೆ ಇಳಿಸಿದರೆ ಸಾವಾಗಿದೆ ಎಂದರ್ಥ. ತಲೆಕೆಳಗಾಗಿ ಕಟ್ಟಿದರೆ ಅಪಾಯದಲ್ಲಿದ್ದೇವೆ, ಓಡಿ ಬನ್ನಿ ಎಂದರ್ಥ. ಬಿಳಿ ಎತ್ತಿದರೆ ಹೊಡೆಯಬೇಡಿ, ಮಾತಾಡೋಣ ಎಂದು. ಒಂದೇ ಕಂಬದಲ್ಲಿ ಎರಡು ಬಾವುಟ ಹಾರಿದರೆ ಮೇಲಿನವರು ಕೆಳಗಿನವರನ್ನು ಗೆದ್ದಿದ್ದಾರೆ ಎಂದು. ಇದನ್ನೆಲ್ಲ ಅವರು ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು.

“ಲೇ ಫಕೀರ್ಯಾ,” ಎನ್ನುತ್ತಿದ್ದರು, “ಬಾವುಟ ಇರೋದು ಸಲಾಮ ಹೊಡಿಯಾಕ ಅಂತ ಮಂದಿ ತಿಳ್ಕೊಂಡಾರ. ಲಡಾಯಿದಾಗ ಬರೇ ಹೊಗಿ, ಧೂಳ. ಬಾಜೂಕ ನಿಂತಾವ ನಮ್ಮಾವೋ ಅವರಾವೋ ತಿಳಿಯಂಗಿಲ್ಲ. ಆವಾಗ ತಲಿ ಎತ್ತಿ ನೋಡ್ತೀವಿ. ‘ನಾ ಇಲ್ಲೇ ಅದೀನಿ, ಇಲ್ಲಿ ಬಾ’ ಅಂತೈತಿ ಬಾವುಟ. ಅದರ ಮ್ಯಾಲೆ ಸಿಂಹ ಇರಲಿ, ಹಲ್ಲಿ ಇರಲಿ, ಅದು ಹೇಳೂದು ಅಷ್ಟ.”

ಹದಿನೆಂಟು ತುಂಬಿದವರು, ಗಂಡಾಗಲಿ ಹೆಣ್ಣಾಗಲಿ, ತಮ್ಮದೊಂದು ಬಾವುಟ ಮಾಡಿಸಿಕೊಳ್ಳುವುದು ನಮ್ಮ ಪದ್ಧತಿ. ಎರಡು ಬಣ್ಣ, ಹೆಚ್ಚೆಂದರೆ ಮೂರು. ಅಕ್ಷರ ಇರಕೂಡದು, ಗಾಳಿಗೆ ಮಡಚಿಕೊಂಡ ಅಕ್ಷರವನ್ನು ಯಾರೂ ಓದಲಾರರು. ಐದು ವರ್ಷದ ಮಗು ಒಂದು ಸಲ ನೋಡಿ ನೆಲದ ಮೇಲೆ ಬರೆಯುವಂತಿರಬೇಕು. ಇಷ್ಟು ಹೇಳಿದರೂ ಜನ ಕೇಳಬೇಕಲ್ಲ. ಗಾಣದ ಮಹಾರುದ್ರಪ್ಪ ಹುಲಿ ಬೇಕೆಂದ. ಹುಲಿಯ ಕೈಗೆ ಕತ್ತಿ ಬೇಕೆಂದ. ಹಿಂದೆ ಸೂರ್ಯನೂ ಇರಲಿ ಎಂದ. ಹೊಲಿದು ಏರಿಸಿದರೆ ಬೆಕ್ಕು ಸೌಟು ಹಿಡಿದುಕೊಂಡು ನಿಂತಂತೆ ಕಂಡಿತು. ಅವನ ತಾಯಿಯೇ ಗುರುತು ಸಿಗದೆ ಬೇರೆ ಯಾರದೋ ಮನೆಯ ಕಟ್ಟೆಯ ಮೇಲೆ ಕೂತು, ಮಗ ಬಂದು ಕರೆದುಕೊಂಡು ಹೋಗಲಿ ಎಂದು ಒಂದು ಸಂಜೆ ಕಾದಳು. ಮರುದಿನ ಮಹಾರುದ್ರಪ್ಪ ಮುಖ ಸಣ್ಣ ಮಾಡಿಕೊಂಡು ಬಂದು ಹಳದಿ ಬಟ್ಟೆಯ ಮೇಲೆ ಒಂದೇ ಒಂದು ಕಪ್ಪು ಹನಿ ಹೊಲಿಸಿಕೊಂಡು ಹೋದ. ನಾನು ಆ ಕತೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದೆ. ಪರರ ತಪ್ಪಿಗೆ ನಗುವುದರಲ್ಲಿ ನಾನು ಮೊದಲಿನಿಂದಲೂ ಜಾಣ.

ಮದುವೆಯಾದರೆ ಗಂಡಿನ ಬಾವುಟ ಬಿದಿರೇರುತ್ತದೆ. ಹೆಣ್ಣಿನದರಿಂದ ನಾಲ್ಕು ಬೆರಳು ಅಗಲದ ಪಟ್ಟಿಯೊಂದನ್ನು ಕತ್ತರಿಸಿ ಅದರ ಕೆಳಗಿನ ಅಂಚಿಗೆ ಹೊಲಿಯುತ್ತೇವೆ. ಉಳಿದ ಬಟ್ಟೆ ಮುಂದೆ ಕೂಸಿನ ಕುಲಾವಿಗೋ ದುಪ್ಪಟಿಗೋ ಆಗುತ್ತದೆ. ಮನೆಯಲ್ಲಿದ್ದವರು ತೀರಿಕೊಂಡು ಮನೆ ಬರಿದಾದರೆ ಬಾವುಟ ಇಳಿಸುವವನು ದರ್ಜಿ. ಇಳಿದ ಬಾವುಟದ ಸುದ್ದಿ ಹೇಳುವವನೂ ದರ್ಜಿಯೇ. ಸಾವಿನ ಸುದ್ದಿ ನಾಲ್ಕು ಬಾಯಿಂದ ನಾಲ್ಕು ಥರ ಕೇಳಿಸಬಾರದೆಂದು ಹಿರಿಯರು ಮಾಡಿಟ್ಟ ಕಟ್ಟಳೆ ಅದು. ಇನ್ನೊಂದು ಕಟ್ಟಳೆಯಿದೆ. ಊರ ಸೀಮೆ ದಾಟಿ ಹೋದವನ ಬಾವುಟವನ್ನು ಏಳು ವರ್ಷ ಬದಲಿಸಕೂಡದು. ಹರಿದರೆ ತೇಪೆ ಹಾಕಬಹುದು, ಅಷ್ಟೇ. ಅವನ ಕಣ್ಣಲ್ಲಿರುವುದು ಅದೊಂದೇ ಗುರುತು. ಮೌಲಾಸಾಬರು ಸಾಯುವ ಮುನ್ನ ನನ್ನಿಂದ ಈ ಮಾತಿಗೆ ಆಣೆ ಹಾಕಿಸಿಕೊಂಡಿದ್ದರು.

ಲಾಳದ ಅಡಿವೆಪ್ಪ ನನಗಿಂತ ಎರಡು ವರ್ಷ ದೊಡ್ಡವನು. ಅವನ ಮನೆತನದವರು ಹಿಂದೆ ಪಲ್ಟಣದ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಅದಕ್ಕೇ ಅವನ ಬಾವುಟ ಕೆಂಪು, ನಡುವೆ ಕಪ್ಪು ಲಾಳ. ಬಾಳವ್ವನನ್ನು ಮದುವೆಯಾದಾಗ ಅವಳ ಹಳದಿ ಬಾವುಟದಿಂದ ಪಟ್ಟಿ ಕತ್ತರಿಸಿ ಅದರ ಅಂಚಿಗೆ ಹೊಲಿದವನು ನಾನು. ಮದುವೆಯಾಗಿ ಮೂರನೇ ವರ್ಷಕ್ಕೆ ಅವನು ದೂರದ ಯಾವುದೋ ಪಲ್ಟಣ ಸೇರಲು ಹೋದ. ಎರಡು ವರ್ಷಕ್ಕೆ ಬರುತ್ತೇನೆಂದು ಹೋದವನು ಬರಲಿಲ್ಲ. ಕಾಗದವೂ ಬರಲಿಲ್ಲ. ಬಾಳವ್ವ ಕೈಕಟ್ಟಿ ಕೂರುವವಳಲ್ಲ. ಮನೆಯ ಪಡಸಾಲೆಯಲ್ಲೇ ಖಾನಾವಳಿ ಇಟ್ಟಳು. ಒಬ್ಬಂಟಿಯಾಗಿದ್ದ ನಾನು ದಿನಾ ಸಂಜೆ ಅಲ್ಲಿಯೇ ಊಟ ಮಾಡುತ್ತಿದ್ದೆ.

ಒಂದು ದಿನ ಅವಳು ಅಂಗಡಿಗೆ ಬಂದಳು.

“ನನಗೊಂದು ಬಾವುಟ ಬೇಕ್ರಿ, ಫಕೀರಪ್ಪನವರ.”

“ಮನಿ ಮ್ಯಾಲೆ ಐತಲ್ಲವಾ?”

“ಅದು ಅವರದು. ಅದರಾಗ ನಾ ಎಲ್ಲಿದೀನಿ? ಅಂಚಿನಾಗ, ನಾಕ ಬೆರಳ ಅಗಲ. ನೀವ ಹೊಲದೀರಿ, ನಿಮಗ ಗೊತ್ತಿಲ್ಲೇನು? ಉಣ್ಣಾಕ ಬರೋರು ಲಾಳದ ಮನಿ ಎಲ್ಲೈತಿ ಅಂತ ಕೇಳಕೋತ ಬರ್ತಾರ. ರೊಟ್ಟಿ ತಟ್ಟಾಕಿ ನಾನು. ಲಾಳ ಹೊಡಿಯಾವ ಎಲ್ಲಿ ಅದಾನ್ರಿ?”

ಅವನು ಹೋಗಿ ಆರು ವರ್ಷ ಎರಡು ತಿಂಗಳಾಗಿತ್ತು. ನಾನು ಕಟ್ಟಳೆ ಹೇಳಿದೆ. ಇನ್ನು ಹತ್ತು ತಿಂಗಳು ತಡೆಯಲು ಹೇಳಿದೆ.

“ಹತ್ತ ತಿಂಗಳ ಆದಮ್ಯಾಲೆ ನಾ ಬ್ಯಾರೆ ಹೆಂಗಸ ಆಗ್ತೀನೇನು? ಈಗೂ ಇದ ಮನಿ, ಇದ ಕೈ.”

“ಅದರ ಕೆಳಗ ನಿಂದೊಂದು ಕಟ್ಟೋಣ ಅಂದ್ರ...”

“ಕೆಳಗ ಕಟ್ಟಿದ್ರ ಸೋತಾಕಿ. ಮ್ಯಾಲೆ ಕಟ್ಟಿದ್ರ ಅವರನ್ನ ಸೋಲಿಸಿದಾಕಿ. ನಾ ಯಾರ ಜೋಡೀನೂ ಲಡಾಯಿ ಮಾಡಿಲ್ಲ.”

ಏನು ಬೇಕೆಂದು ಕೇಳಿದೆ. ಹಸಿರು ಬಟ್ಟೆಯ ಮೇಲೆ ಬಿಳಿ ರೊಟ್ಟಿ ಹಾಕೋಣವೇ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ದಿನಾ ಮುನ್ನೂರ ರೊಟ್ಟಿ ತಟ್ಟತೀನಿ. ಅದನ್ನ ಬಿದಿರಿಗೂ ಏರಸಬೇಕೇನು?” ಎಂದಳು. ಆಮೇಲೆ ತಾನೇ ಬಟ್ಟೆಯ ಅಟ್ಟಿಯ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿ ನೋಡಿ, ಕಡುನೀಲಿಯದೊಂದನ್ನು ಎಳೆದು ನನ್ನ ಮುಂದೆ ಹರವಿದಳು. ಸೀಮೆಸುಣ್ಣದಿಂದ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದಳು. ಗೆರೆ ಹಳದಿ ಇರಲಿ ಎಂದಳು.

“ಇದರ ಅರ್ಥ ಏನವಾ?” ಎಂದೆ.

“ಅರ್ಥ ಯಾಕ ಬೇಕ್ರಿ? ನನಗ ಚಂದ ಕಾಣತೈತಿ.”

ಅಷ್ಟು ವರ್ಷದ ಕಸುಬಿನಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಶೌರ್ಯ ಬೇಕು, ಮನೆತನ ಬೇಕು, ನೋಡಿದವರು ಹೊಟ್ಟೆ ಉರಿದುಕೊಳ್ಳಬೇಕು. ಇವಳಿಗೆ ಒಂದು ಬಣ್ಣ ಮತ್ತು ಒಂದು ಗೆರೆ ಸಾಕಾಗಿತ್ತು. ಬೆರಳಿಗೆ ಅಂಟಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದ ಅವಳನ್ನು ನೋಡುತ್ತ ನಾನು ಒಪ್ಪಿಬಿಟ್ಟೆ. ಅವಳು ಕೇಳಿದ್ದು ನ್ಯಾಯವಾಗಿತ್ತು. ಆ ನ್ಯಾಯಕ್ಕಾಗಿಯೇ ಒಪ್ಪಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ನಾನು ಒಪ್ಪಿದ್ದು ನನ್ನ ಆಸೆಗೆ. ಆ ಮನೆಯ ಮೇಲಿಂದ ಲಾಳ ಇಳಿಯಲಿ ಎಂದು ನನಗಿತ್ತು. ನಾನೇ ಏಣಿ ಹತ್ತಿ ಇಳಿಸಿದೆ, ಮಡಚಿ ಅಂಗಡಿಯ ಪೆಟ್ಟಿಗೆಯಲ್ಲಿಟ್ಟೆ. ಕಡುನೀಲಿ ಏರಿಸಿದ ದಿನ ಬಾಳವ್ವ ಅಂಗಳದಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಊರವರು ಎರಡು ದಿನ ಗುಸುಗುಸು ಮಾತಾಡಿ, ಮೂರನೇ ದಿನದಿಂದ ‘ನೀಲಿ ಮನೆ’ಗೆ ಊಟಕ್ಕೆ ಹೋಗತೊಡಗಿದರು.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಧೂಳು ಇಳಿದು ನಾನು ಅಂಗಡಿಯ ಮುಂದೆ ನೀರು ಹೊಡೆಯುತ್ತಿದ್ದಾಗ ಒಬ್ಬ ಮನುಷ್ಯ ಬಂದು ನಿಂತ. ಖಾಕಿ ಅಂಗಿ, ಹೆಗಲಲ್ಲಿ ಚೀಲ, ಗಡ್ಡ, ಬತ್ತಿದ ಕೆನ್ನೆ. ನನ್ನ ಹೆಸರು ಹಿಡಿದು ಕರೆದ ಮೇಲೆಯೇ ಅವನು ಅಡಿವೆಪ್ಪ ಎಂದು ನನಗೆ ತಿಳಿದದ್ದು. ಒಳಗೆ ಕರೆದು ನೀರು ಕೊಟ್ಟೆ. ಅವನು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಒಂದು ಲಾಳ ಬರೆದ. ಕೆಳಗೆ ಅಂಚು ಎಳೆದ.

“ಮೂರು ದಿನಾತೋ ಫಕೀರಾ ಬಂದು. ಮುಂಜಾನಿಂದ ಸಂಜಿ ತನಕ ತಲಿ ಎತ್ತಿಕೊಂಡು ಅಡ್ಡಾಡೀನಿ, ಕುತ್ತಿಗಿ ಹಿಡದೈತಿ. ನಂದು ಕಾಣವಲ್ದು. ಮಂದೀನ ಕೇಳಿದ್ರ, ದರ್ಜಿ ಕಡೆ ಹೋಗು ಅಂತಾರ. ನಾ ಬೇಕಂತ ಬರಲಿಲ್ಲ ನಿನ್ನ ಕಡೆ. ಹೆದರಿಕಿ.”

ಊರವರ ತಪ್ಪಿಲ್ಲ. ಆ ಗಡ್ಡದಲ್ಲಿ ಅವರಿಗೂ ಅವನ ಗುರುತು ಸಿಕ್ಕಿರಲಿಕ್ಕಿಲ್ಲ. ಬಾವುಟದ ಸುದ್ದಿ ದರ್ಜಿಯೇ ಹೇಳಬೇಕಲ್ಲ. ಆ ಹೊತ್ತಿಗೆ ನೀಲಿ ಮನೆ ನನ್ನ ಅಂಗಡಿಯಿಂದ ಮೂರು ಓಣಿಯಾಚೆ ಇತ್ತು. ಹಿತ್ತಿಲ ಬಾಗಿಲಿನಿಂದ ನೋಡಿದರೆ ಬಾವುಟದ ತುದಿ ಕಾಣುತ್ತಿತ್ತು. ‘ಅಗೋ ಅಲ್ಲಿ’ ಎಂದು ಬೆರಳು ತೋರಿಸಿದ್ದರೆ ಸಾಕಿತ್ತು.

“ಆ ಬಾವುಟ ಈಗ ಊರಾಗ ಇಲ್ಲ,” ಎಂದೆ.

ಅದು ಖರೆ ಮಾತು. ಅಡಿವೆಪ್ಪ ಸೀಮೆಸುಣ್ಣವನ್ನು ಲಾಳದ ಪಕ್ಕ ಇಟ್ಟ. ಆಮೇಲೆ ಕೇಳಿದ:

“ಯಾವಾಗ ಇಳಿಸಿದ್ರಿ?”

“ನಾಕು ತಿಂಗಳಾತು.”

“ನೀನ ಇಳಿಸಿದ್ಯಾ?”

“ಹೌದು.”

ಅವೂ ಖರೆ ಮಾತುಗಳೇ. ಅವನು ಏನು ತಿಳಿದುಕೊಂಡನೆಂದು ನನಗೆ ಗೊತ್ತಾಗಿತ್ತು. ನಮ್ಮೂರಲ್ಲಿ ಬಾವುಟ ಇಳಿದಿದೆ ಎಂದರೆ ಇನ್ನೇನು ಅರ್ಥ? ನಾನು ಬಾಯಿ ತೆರೆದೆ. ಹೇಳಬೇಕೆಂದೇ ತೆರೆದೆ, ಅಷ್ಟು ಮಟ್ಟಿಗೆ ನನ್ನನ್ನು ನಂಬಿ. ಅಷ್ಟರಲ್ಲಿ ಅವನು ಕೇಳಿದ:

“ತ್ರಾಸ ಪಟ್ಲೇನೋ?”

“ಇಲ್ಲ,” ಎಂದೆ.

“ನಾಕು ತಿಂಗಳ,” ಎಂದ ಅವನು. “ವೈರಿ ಕೈಗೆ ಸೆರಿ ಸಿಕ್ಕಿದ್ದೆ ಫಕೀರಾ, ಕಾಗದ ಬರಿಯಾಕ ಬಿಡಲಿಲ್ಲ. ಬಿಟ್ಟ ಕೂಡಲೆ ಹೊಂಟೆ. ನಾಕು ತಿಂಗಳ ಮೊದ್ಲ ಬಿಟ್ಟಿದ್ರ...” ಎದ್ದು ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು ನನ್ನ ಭುಜದ ಮೇಲೆ ಕೈಯಿಟ್ಟ. “ಗೊತ್ತಿದ್ದವರ ಕೈಲೆ ಇಳೀತು. ಅಷ್ಟರ ಮಟ್ಟಿಗೆ ಚಲೋ ಆತು,” ಎಂದ. ನನಗೆ ಅವನು ಕೈಮುಗಿದ. ಆಮೇಲೆ ತಲೆ ಎತ್ತದೆ ಸೀಮೆಯ ಕಡೆ ನಡೆದುಹೋದ.

ಅವನ ಹಿಂದೆ ಓಡಬಹುದಿತ್ತು. ಸೀಮೆಯ ಕಲ್ಲಿಗೆ ಅರ್ಧ ತಾಸಿನ ದಾರಿ, ಅವನು ಕಾಲೆಳೆಯುತ್ತ ಹೋಗುತ್ತಿದ್ದ. ನಾನು ಕತ್ತರಿ ಕೈಗೆತ್ತಿಕೊಂಡು ಏನನ್ನೂ ಕತ್ತರಿಸದೆ ಕೂತೆ. ಸಂಜೆ ಎಂದಿನಂತೆ ಊಟಕ್ಕೆ ಹೋದೆ. ಇಂಥ ಮನುಷ್ಯ ನಾನು.

ಎರಡು ವರ್ಷದ ಮೇಲೆ ಬಾಳವ್ವನನ್ನು ಮದುವೆಯಾಗುವಂತೆ ಕೇಳಿದೆ. ಅವಳು ಒಂದು ದಿನದ ಸಮಯ ತೆಗೆದುಕೊಂಡು ಹೂಂ ಎಂದಳು. ತನ್ನ ಬಾವುಟ ಮಾತ್ರ ಇಳಿಯಕೂಡದು ಎಂದಳು. ನನ್ನ ಬಿಳಿ ಬಟ್ಟೆಯಿಂದ ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ ಅವಳ ನೀಲಿಯ ಅಂಚಿಗೆ ನಾನೇ ಹೊಲಿದೆ. ದರ್ಜಿ ಅಂಚಿಗೆ ಹೋದ ಎಂದು ಊರೆಲ್ಲ ನಕ್ಕಿತು, ನಾನೂ ನಕ್ಕೆ. ಚೆನ್ನಾಗಿಯೇ ಬಾಳಿದೆವು. ಅವಳು ಜೋರು, ನಾನು ಮುಂಗೋಪಿ, ಆದರೂ ತಟ್ಟೆಯ ಮುಂದೆ ಕೂತಾಗ ಸಿಟ್ಟು ಇಳಿಯುತ್ತಿತ್ತು. ಹದಿನೆಂಟು ವರ್ಷ. ಅಷ್ಟು ದಿನಗಳಲ್ಲಿ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ನನ್ನ ಹೊಟ್ಟೆಗೇ ಗೊತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಟಪಾಲಿನ ಗಿರಿಮಲ್ಲಪ್ಪ ಅಂಗಡಿಗೆ ಬಂದ. ಕೆಲಸಕ್ಕೆ ಬಂದು ಐದಾರು ವರ್ಷವಾದ, ನಲವತ್ತು ದಾಟಿದ ಮನುಷ್ಯ. ಕೈಯಲ್ಲಿ ಹಗ್ಗ ಸುತ್ತಿದ ಗಂಟು. ಅದರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಕೆಂಪು ಬಾವುಟ, ಕಪ್ಪು ಲಾಳ, ಹಳದಿ ಅಂಚು.

“ನನ್ನ ಪುಸ್ತಕದಾಗ ಈ ಬಾವುಟ ಇಲ್ರಿ. ಪಲ್ಟಣದ ಕಚೇರಿಂದ ಬಂದೈತಿ. ಯಾರದಿದು? ಯಾರದೂ ಅಲ್ಲ ಅಂದ್ರ ವಾಪಸ ಕಳಸ್ತೀನಿ.”

ಇಂಥ ಬಾವುಟ ಊರಲ್ಲಿಲ್ಲ ಎಂದರೆ ಅದು ಈಗಲೂ ಖರೆ ಮಾತೇ. ಆ ಮಾತು ನಾಲಿಗೆಯ ತುದಿಗೆ ತಾನಾಗಿ ಬಂತು, ಅಷ್ಟು ಪಳಗಿತ್ತು. ನನಗೇ ಅಸಹ್ಯವಾಯಿತು. “ಕೊಡಿಲ್ಲಿ, ನನಗ ಗೊತ್ತೈತಿ,” ಎಂದು ಇಸಕೊಂಡೆ. ಅಂಗಡಿ ಹಾಗೇ ಬಿಟ್ಟು ಮನೆಗೆ ನಡೆದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಬಾಳವ್ವ ಮಧ್ಯಾಹ್ನದ ಊಟದವರನ್ನು ಕಳಿಸಿ ಹಂಚು ಒರೆಸುತ್ತಿದ್ದಳು. ಗಂಟಿನ ಮೇಲಿನ ಚಿತ್ರ ನೋಡಿ ಅವಳ ಕೈ ನಿಂತಿತು. ಏನೂ ಕೇಳದೆ ತಾನೇ ಹಗ್ಗ ಬಿಚ್ಚಿದಳು. ಒಂದು ಕಂಬಳಿ, ತಗಡಿನ ಲೋಟ, ಗಡ್ಡದ ಕುಂಚ, ಎರಡು ಗುಂಡಿ ಹೋದ ಖಾಕಿ ಅಂಗಿ. ಕೆಳಗೆ ಕಚೇರಿಯ ಕಾಗದ. ಅಡಿವೆಪ್ಪ ಹಿಂದಿನ ತಿಂಗಳು ಪಲ್ಟಣದ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಿದ್ದ. ಕಚೇರಿಯವರು ಅವನ ಸಾಮಾನನ್ನು ದಾಖಲೆಯಲ್ಲಿದ್ದ ಮನೆಯ ಗುರುತಿಗೆ ಕಳಿಸಿದ್ದರು. ಅವಳು ಮೊದಲ ನಾಲ್ಕು ಸಾಲು ಗಟ್ಟಿಯಾಗಿ ಓದಿ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು.

“ಅವ ಬಂದಿದ್ದ,” ಎಂದಳು. “ನಾ ನೋಡಿದ್ದೆ.”

ನಾನು ಅವಳ ಎದುರಿಗೆ ಕೂತೆ.

“ಬಾವುಟ ಬದಲಿಸಿ ನಾಕ ತಿಂಗಳ ಆಗಿತ್ತು. ನಮ್ಮ ಬಾಗಲ ಮುಂದ ಬಂದು ನಿಂತ. ತಲಿ ಮ್ಯಾಲೆ ಎತ್ತಿ ನೋಡಿದ. ನಾ ಹೊಸ್ತಿಲದಾಗ ನಿಂತಿದ್ದೆ, ಕೈತುಂಬ ಹಿಟ್ಟು. ಇಷ್ಟ ದೂರ. ಬಾವುಟ ಬಿಟ್ಟು ಕೆಳಗ ನೋಡ್ತಾನ, ನೋಡಿದಮ್ಯಾಲೆ ಕರೀತೀನಿ ಅಂತ ನಿಂತೆ. ಒಂದ ಸಲ ನನ್ನ ಮುಖ ನೋಡಲಿ ಅಂತ ಹಟ ಬಂತು ನನಗ. ಅವ ನೋಡಲಿಲ್ಲ. ಹಂಗ ಮುಂದ ಹೋದ.” ಅವಳು ಅಂಗಿಯ ಸುಕ್ಕನ್ನು ಅಂಗೈಯಿಂದ ನೀವಿದಳು. “ಒಂದ ಸಲ ಕೂಗಿದ್ರ ಆಗಿತ್ತು. ದರ್ಜಿ ಕಡೆ ಹೋಗ್ತಾನ, ಅವರು ಹೇಳ್ತಾರ, ಹೊಳ್ಳಿ ಬರ್ತಾನ ಅಂದ್ಕೊಂಡೆ. ಅವಂಗ ಅಂತ ರೊಟ್ಟಿ ತಟ್ಟಿಟ್ಟೆ. ಅವತ್ತ ಸಂಜೀಕ ನೀವು ಬಂದ್ರಿ. ನಿಮಗ ಬಡಿಸಿದೆ.”

“ಬಾಳವ್ವಾ...”

“ನೀವು ಹೇಳೀರಿ, ನಾ ಎಲ್ಲಿದೀನಿ ಅಂತ ಅವಂಗ ಗೊತ್ತಾಗೇತಿ, ಗೊತ್ತಾದರೂ ಬ್ಯಾಡ ಅಂತ ಹೋದ ಅಂದ್ಕೊಂಡೆ. ಲಾಳ ಇಳಿಸಿದಾಕಿ ಮನ್ಯಾಗ ನನಗೇನ ಕೆಲಸ ಅಂದಿರಬೇಕು ಅಂತ. ಬ್ಯಾಡಾದಾಕಿಗೆ ಮತ್ತೇನೈತಿ? ಎ‍ರಡ ವರ್ಷ ಬಿಟ್ಟು ನಿಮಗ ಹೂಂ ಅಂದೆ.”

ಅವಳು ಮತ್ತೆ ಕಾಗದ ಎತ್ತಿ ಉಳಿದದ್ದನ್ನು ಓದಿದಳು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತದ್ದು ನನಗೆ ಕಾಣುತ್ತಿತ್ತು. ಕಾಗದವನ್ನು ನನ್ನ ಕಡೆ ತಿರುಗಿಸಿದಳು. ‘ಹೆಂಡತಿ: ಮೃತಳು. ಮರುಮದುವೆ: ಇಲ್ಲ. ವಾರಸುದಾರರು: ಯಾರೂ ಇಲ್ಲ.’

“ನಾ ಯಾವಾಗ ಸತ್ತೆ?” ಎಂದಳು.

ನಾನು ಹೇಳಿದೆ. ಸೀಮೆಸುಣ್ಣದ ಲಾಳ, ಅವನು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು, ಅವನು ಕೈಮುಗಿದದ್ದು, ಒಂದನ್ನೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

“ನಾ ತ್ರಾಸ ಪಟ್ನೇನು ಅಂತ ಕೇಳಿದ್ನಾ?”

“ಕೇಳಿದ.”

“ನೀವು ಇಲ್ಲ ಅಂದ್ರಿ.”

“ಹೌದು.”

ಅವಳು ಅಂಗಿ ಮಡಚಿ ಕಂಬಳಿಯೊಳಗಿಟ್ಟು ಎದ್ದಳು. “ಬಾವುಟ ಇಳಸ್ರಿ,” ಎಂದಳು.

“ಯಾಕ?”

“ಸತ್ತಾಕಿ ಮನಿ ಮ್ಯಾಲೆ ಬಾವುಟ ಇರಂಗಿಲ್ಲ. ಇಳಸಾವ ದರ್ಜಿ. ಇಳಸ್ರಿ.”

ಏಣಿ ಹತ್ತಿ ಇಳಿಸಿದೆ. ಬಣ್ಣ ಮಾಸಿತ್ತು. ಎಷ್ಟೋ ಸಲ ನಾನೇ ತೇಪೆ ಹಾಕಿದ್ದ ಬಟ್ಟೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಹಲ್ಲಿನಿಂದ ದಾರ ಕಡಿದು, ಅಂಚಿನ ಬಿಳಿ ಪಟ್ಟಿಯನ್ನು ಬಿಚ್ಚಿ ನನಗೆ ಕೊಟ್ಟಳು. “ಅಂಗಡಿಗೆ ಹೋಗ್ರಿ. ನಾಕು ಹೊಡಿಯಾಕ ಬಂತು,” ಎಂದಳು. ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೋಗಬಾರದಿತ್ತು. ಹೊಸ್ತಿಲಲ್ಲಿ ಕೂತುಬಿಡಬೇಕಿತ್ತು. ಆದರೆ ಎದುರಾಡಲು ನನಗೆ ಯಾವ ಮುಖವಿತ್ತು? ಮೂರು ಓಣಿ ದಾಟುವಷ್ಟರಲ್ಲಿ ಧೂಳು ಎದ್ದಿತು. ಅದು ಇಳಿದಾಗ ತಲೆ ಎತ್ತಿದೆ. ಊರ ತುಂಬ ಬಾವುಟಗಳಿದ್ದವು. ನಾನು ಹೊಲಿದವೇ ಎಲ್ಲ. ನಾನು ನೋಡಿಕೊಂಡು ಮನೆಗೆ ಹೋಗುವ ಒಂದು ಮಾತ್ರ ಇರಲಿಲ್ಲ.

ಈಗ ಎಂಟು ತಿಂಗಳಾಯಿತು. ಅಂಗಡಿಯಲ್ಲಿ ಮಲಗುತ್ತೇನೆ. ಬಾವುಟವಿಲ್ಲದ ಮನೆಗಳು ನಮ್ಮೂರಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಸತ್ತವರವು, ನಾನೇ ಬಾವುಟ ಇಳಿಸಿದವು. ದಿನಾ ಅವುಗಳ ಬಾಗಿಲು ತಟ್ಟುತ್ತ ಹೋಗುತ್ತೇನೆ. ಮೊದಮೊದಲು ಬಾಗಿಲು, ಕಿಟಕಿ, ಕಟ್ಟೆ ನೋಡಿದರೆ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ನಮ್ಮ ಮನೆಯ ಕದ ಯಾವ ಬಣ್ಣದ್ದು? ಕಟ್ಟೆಗೆ ಎಷ್ಟು ಮೆಟ್ಟಿಲು? ಹದಿನೆಂಟು ವರ್ಷ ನಾನೂ ತಲೆ ಎತ್ತಿಕೊಂಡೇ ಮನೆಗೆ ಹೋದವನು. ಯಾವ ಬಾಗಿಲೂ ತೆರೆಯುವುದಿಲ್ಲ. ತೆರೆಯಲು ಯಾರೂ ಇಲ್ಲದ ಮನೆ ಯಾವುದು, ಇದ್ದೂ ತೆರೆಯದ ಮನೆ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ನಾಲ್ಕಕ್ಕೆ ಧೂಳು ಏಳುತ್ತದೆ, ತಟ್ಟಿದವೂ ತಟ್ಟದವೂ ಕಲೆತುಹೋಗುತ್ತವೆ.

ಗಿರಿಮಲ್ಲಪ್ಪ ಆಗಾಗ ಸುದ್ದಿ ತರುತ್ತಾನೆ. ಯಾವ ದಿನ ಯಾರ ಮನೆ ಪಕ್ಕಕ್ಕೆ ಬರುತ್ತದೋ ಅವರಿಗೆ ಬಾಳವ್ವ ಗೋಡೆಯ ಮೇಲಿಂದ ರೊಟ್ಟಿ ಕೊಟ್ಟು ಜೋಳ, ಬೇಳೆ ಇಸಕೊಳ್ಳುತ್ತಾಳಂತೆ. “ನಿನ್ನೆ ಮಹಾರುದ್ರಪ್ಪನ ಬಾಜೂಕ ಇದ್ರಂತ್ರಿ,” ಎನ್ನುತ್ತಾನೆ. ನಿನ್ನೆಯದು ಗೊತ್ತಾಗಿ ನನಗೇನು ಪ್ರಯೋಜನ? ಆದರೂ ಆ ಮಾತು ಕೇಳಿದ ದಿನ ನಾನು ಊಟ ಮಾಡುತ್ತೇನೆ. ಇವತ್ತು ಹದಿನೇಳು ಬಾಗಿಲು ತಟ್ಟಿ ಬಂದಿದ್ದೇನೆ, ನಾಳೆಯೂ ಹೋಗುತ್ತೇನೆ. ಅವಳು ಬದುಕಿದ್ದಾಳೆ ಎಂದು ನನಗೆ ಗೊತ್ತು. ಅಷ್ಟನ್ನೂ ನಾನು ಅಡಿವೆಪ್ಪನಿಗೆ ಹೇಳಿರಲಿಲ್ಲ.